ಮೂವತ್ತೆಂಟು ತಲೆ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದವಳು ನಾನು. ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗದಗು. ಸಂತೆಯ ದಿನ ಫುಟ್‌ಬೋರ್ಡಿಗೆ ಜೋತುಬಿದ್ದವರನ್ನೂ ಬಿಡದೆ ಎಣಿಸಿದ್ದೇನೆ. ತಪಾಸಣೆಯವರು ಎಷ್ಟು ಸಲ ಬಸ್ಸು ನಿಲ್ಲಿಸಿದರೂ ನನ್ನ ಎಣಿಕೆಯಲ್ಲಿ ಒಂದು ತಲೆ ಹೆಚ್ಚಾಗಿಲ್ಲ, ಒಂದು ತಲೆ ಕಡಿಮೆಯಾಗಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇದ್ದ ಜಂಬವೆಲ್ಲ ಆ ಸೇತುವೆಯ ಮೇಲೆ ಇಳಿದುಹೋಯಿತು. ಅವತ್ತಿನ ಪೆಟ್ಟಿನಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ. ಈಗಲೂ ಯಾರಾದರೂ ನೀವು ಎಷ್ಟು ಜನ ಎಂದು ಕೇಳಿದರೆ ಮೊದಲು ಪಕ್ಕಕ್ಕೆ ತಿರುಗಿ ನೋಡುತ್ತೇನೆ.

ನನ್ನ ಹೆಸರು ದಾಕ್ಷಾಯಣಿ. ಡಿಪೋದವರಿಗೆ ದಾಕ್ಷಾಯಣಿ ಮೇಡಂ, ತಂಗಿ ಕಸ್ತೂರಿಗೆ ಅಕ್ಕ. ಮನೆಯಲ್ಲಿ ನಾವಿಬ್ಬರೇ. ಮದುವೆಯಾದ ಎರಡನೇ ವರ್ಷಕ್ಕೆ ನನ್ನ ಗಂಡ ತೀರಿಕೊಂಡರು, ಅವಳಿಗೆ ಮದುವೆಯೇ ಕೂಡಿಬರಲಿಲ್ಲ. ನಾನು ಡ್ಯೂಟಿ ಮಾಡಿದೆ, ಅವಳು ಮನೆ ಮಾಡಿದಳು. ಐದರ ಟ್ರಿಪ್ಪಿಗೆ ನಾನು ಹೊರಡಬೇಕಾದರೆ ನಾಲ್ಕಕ್ಕೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಸ್ಸಿನ ಜೊತೆ ನಾನು ಹೊರಗಿನ ಊರಲ್ಲಿ ಉಳಿಯುವ ದಿನವೂ ಅವಳು ಎರಡು ತಾಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದಳಂತೆ. ಪಕ್ಕದ ಮನೆಯವರು ಇದನ್ನು ಹೇಳಿ ನಗುತ್ತಿದ್ದರು. ಹುಚ್ಚಿ ಎಂದು ನಾನೂ ಬೈಯುತ್ತಿದ್ದೆ.

ನಿವೃತ್ತಿಯಾದ ತಿಂಗಳು, ಜೀವಮಾನದಲ್ಲಿ ಮೊದಲ ಸಲ, ನಿನಗೇನು ಬೇಕು ಕೇಳು ಎಂದೆ. ಸೀರೆ ಕೇಳಬಹುದು, ಕೈಗೆ ಬಿಲ್ವಾರ ಕೇಳಬಹುದು ಅಂದುಕೊಂಡಿದ್ದೆ. ಅವಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಸ್ಸಿನಲ್ಲಿ ಹೋಗಬೇಕು ಎಂದಳು. ಟಿವಿಯಲ್ಲಿ ನೋಡಿದ್ದಳಂತೆ. ಎಲ್ಲಿಗಾದರೂ ಸರಿ, ದೂರದ ಬಸ್ಸಾಗಿರಬೇಕು, ನಾನು ಅವಳ ಪಕ್ಕದಲ್ಲಿ ಕೂತಿರಬೇಕು. ಅಷ್ಟು ವರ್ಷ ಬಸ್ಸಿನಲ್ಲಿ ನಾನು ನಿಂತಿರುವುದನ್ನೇ ನೋಡಿದ್ದಳು. ನನ್ನ ಜೊತೆ ಕೆಲಸ ಮಾಡಿದ ಡ್ರೈವರೊಬ್ಬರ ಮಗಳು ಆಗ್ನೇಯ ಏಷ್ಯಾದ ಒಂದು ದೇಶದಲ್ಲಿ ನರ್ಸು. ಅವಳೇ ಎಲ್ಲ ಏರ್ಪಾಡು ಮಾಡಿ, ಪಕ್ಕದ ದೇಶಕ್ಕೆ ಹೋಗುವ ಬಸ್ಸಿಗೆ ನಮ್ಮನ್ನು ಹತ್ತಿಸಿದಳು.

ಆ ದೇಶಗಳ ಹೆಸರು ನಾನು ಹೇಳುವುದಿಲ್ಲ. ನಡುವೆ ಕೆಂಪು ನೀರಿನ ದೊಡ್ಡ ಹೊಳೆ. ಈ ದಡ ಒಂದು ದೇಶ, ಆ ದಡ ಇನ್ನೊಂದು. ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಒಂದು ಊರು. ಆ ಊರು ಎರಡೂ ದೇಶದವರದ್ದಲ್ಲ. ನಕಾಶೆ ಹರವಿಕೊಂಡು ಹುಡುಕಬೇಡಿ, ಅಲ್ಲಿ ಬರೀ ಹೊಳೆ ಕಾಣುತ್ತದೆ. ಈ ದಡದಿಂದ ಊರಿಗೆ ಒಂದು ಸೇತುವೆ, ಊರಿನಿಂದ ಆ ದಡಕ್ಕೆ ಇನ್ನೊಂದು.

ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತು. ಕನ್ನಡಿಗೆ ಮಲ್ಲಿಗೆ ಹಾರ, ಸೀಟಿಗೆಲ್ಲ ಹೂವಿನ ಬಟ್ಟೆ. ಹತ್ತುವ ಮೊದಲು ಒಂದು ಸುತ್ತು ಹಾಕಿ ಟೈರುಗಳನ್ನು ಒದ್ದು ನೋಡಿದೆ, ಅಭ್ಯಾಸ. ಕಂಡಕ್ಟರೇ ಇಲ್ಲದ ಬಸ್ಸು ಅದು! ಡ್ರೈವರ್ ಬುನ್‌ಮಿ ಒಬ್ಬನೇ ಎಲ್ಲ. ಐವತ್ತರ ಆಸುಪಾಸಿನವನು, ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಕಸ್ತೂರಿ ಕಿಟಕಿ ಹಿಡಿದಳು, ನಾನು ಪಕ್ಕದಲ್ಲಿ ಕೂತೆ. ಅವಳ ಮಡಿಲಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಗಂಟು. ರಬ್ಬರ್ ತೋಟ ಬಂದರೂ, ಗದ್ದೆಯಲ್ಲಿ ಎಮ್ಮೆ ಬಂದರೂ, ಮನೆಗಳ ಮುಂದೆ ಕಂಬದ ಮೇಲಿನ ಪುಟ್ಟ ದೇವರ ಗೂಡು ಬಂದರೂ ಅಕ್ಕಾ ನೋಡಿಲ್ಲೆ ಎಂದು ನನ್ನ ಮೊಣಕೈ ತಿವಿಯುವಳು. ನಾನು ಹೂಂ ಎನ್ನುವೆ. ನನ್ನ ಕಣ್ಣೆಲ್ಲ ಬುನ್‌ಮಿ ಗೇರು ಬದಲಿಸುವುದರ ಮೇಲಿತ್ತು.

ಹತ್ತೂವರೆಗೆ ಗಡಿ ಬಂತು. ಎಲ್ಲರೂ ಇಳಿದು, ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಂಡು, ಮತ್ತೆ ಹತ್ತಿದೆವು. ಮೊದಲ ಸೇತುವೆಯ ಬಾಯಲ್ಲಿ ತಗಡಿನ ಗೂಡು, ಅದರೊಳಗೆ ಸೀಮೆಸುಣ್ಣ ಹಿಡಿದ ಒಬ್ಬ ಮುದುಕ. ಅವನು ಬಾಗಿಲಿಗೆ ಬಂದು ಏನೋ ಕೇಳಿದ. ಬಸ್ಸಿನೊಳಗೆ ಮಾತು ನಿಂತುಹೋಯಿತು. ಆ ಕಡೆಯ ಜನರೆಲ್ಲ ಒಂದು ಕೈ ಮೇಲೆತ್ತಿ ಹಿಡಿದರು, ಎಲ್ಲರ ಮಣಿಕಟ್ಟಿಗೂ ಕೆಂಪು ದಾರ. ನಿದ್ದೆ ಹೋದವರನ್ನು ಪಕ್ಕದವರು ಅಲುಗಾಡಿಸಿ ಎಬ್ಬಿಸಿದರು. ಬುನ್‌ಮಿ ಎದ್ದು ಬಂದು ಒಬ್ಬೊಬ್ಬರ ಹೆಗಲು ಮುಟ್ಟಿ, ಮುಖ ನೋಡಿ, ಬೆರಳು ಮಡಚುತ್ತ ಎಣಿಸತೊಡಗಿದ. ನಾಲ್ಕು ಜನಕ್ಕೆ ಎರಡು ನಿಮಿಷ! ನನಗೆ ಮೈಯೆಲ್ಲ ಉರಿದುಹೋಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಓಡಿಸುತ್ತಾರಲ್ಲ, ನಾನು ಅಂಥವಳು. ಎದ್ದು ಸೆರಗು ಸಿಕ್ಕಿಸಿ, ಮುಂದಿನಿಂದ ಹಿಂದಕ್ಕೆ ಒಂದು ಸಲ ಬೆರಳಾಡಿಸಿ, ಥರ್ಟಿ ಎಯ್ಟ್ ಎಂದು ಗಟ್ಟಿಯಾಗಿ ಹೇಳಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮುದುಕ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಮೂವತ್ತೆಂಟು ಎಂದು ಬರೆದುಬಿಟ್ಟ.

ಬುನ್‌ಮಿಯ ಕೈ ಯಾರದೋ ಹೆಗಲ ಮೇಲೆ ಹಾಗೇ ಉಳಿಯಿತು. ಬಸ್ಸಿಗೆ ಬಸ್ಸೇ ನನ್ನನ್ನು ಬಾಯಿ ತೆರೆದು ನೋಡಿತು. ನನ್ನ ಚುರುಕಿಗೆ ಬೆರಗಾಗಿದ್ದಾರೆ ಎಂದುಕೊಂಡು, ಸೀರೆ ಸರಿಮಾಡಿಕೊಂಡು ಕೂತೆ.

ಊರಿನಲ್ಲಿ ಊಟಕ್ಕೆ ಒಂದು ತಾಸು ಬಿಡುವು. ಚಿಕ್ಕ, ಚೊಕ್ಕ ಊರು. ಮನೆ ಮನೆಯ ಬಾಗಿಲಿಗೂ ಒಂದು ಪಾಟಿ, ಅದರಲ್ಲಿ ಆ ಮನೆಯ ಮಂದಿಯ ಹೆಸರು. ಜಗಲಿಯ ಮೇಲೆ ಒಬ್ಬ ತಾಯಿ ಮಕ್ಕಳಿಗೆ ಅನ್ನ ಬಡಿಸುವ ಮೊದಲು ಒಂದೊಂದೇ ತಲೆ ಮುಟ್ಟಿ, ಕೊನೆಗೆ ತನ್ನ ತಲೆಯನ್ನೂ ಮುಟ್ಟಿಕೊಂಡಳು. ನಾವು ಕೂತ ಅಂಗಡಿಯಲ್ಲಿ ಎಷ್ಟು ಲೋಟ ಎಂದು ಯಾರೂ ಕೇಳಲಿಲ್ಲ, ಒಬ್ಬೊಬ್ಬರ ಮುಖ ನೋಡಿ ಒಂದೊಂದು ಲೋಟ ಇಟ್ಟರು. ನಮ್ಮಿಬ್ಬರ ಮಾತು ಕೇಳಿ ಅಂಗಡಿಯ ಯಜಮಾನರು ಒಳಗಿನಿಂದ ಓಡಿಬಂದರು. ಹೆಸರು ಬಾರಿ ಸಾಹೇಬರು, ಭಟ್ಕಳದವರು, ಬಟ್ಟೆ ವ್ಯಾಪಾರಕ್ಕೆಂದು ಬಂದು ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾರೆ. ಕಸ್ತೂರಿ ಕೊಟ್ಟ ರೊಟ್ಟಿಯನ್ನು ಮುರಿದು ಬಾಯಿಗಿಟ್ಟು, ಕನ್ನಡ ಮಾತಾಡದೆ ನಾಲಿಗೆ ಜಡ್ಡುಗಟ್ಟಿದೆ ಎಂದು ನಕ್ಕರು. ಆಮೇಲೆ ನಿಮ್ಮ ಬಸ್ಸಿನಲ್ಲಿ ಎಣಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ಅವರ ನಗು ಅಲ್ಲೇ ನಿಂತಿತು. ಎಲ್ಲರನ್ನೂ ಎಣಿಸಿದ್ದೀರಿ ತಾನೆ ಎಂದರು. ನನಗೆ ರೇಗಿತು. ಮೂವತ್ತೊಂದು ವರ್ಷದ ಸರ್ವಿಸು ಎಂದು ಹೇಳಿ ಎದ್ದೆ.

ಎರಡನೇ ಸೇತುವೆಯ ನಡುಮಧ್ಯೆ ಒಂದು ಹಳದಿ ಗೆರೆ ಇದೆ. ಬಸ್ಸು ಅಲ್ಲಿಗೆ ಹೋಗಿ ನಿಂತಿತು. ನಿಂತಿತು ಎಂದರೆ ಬುನ್‌ಮಿ ನಿಲ್ಲಿಸಲಿಲ್ಲ. ಎಂಜಿನ್ ಓಡುತ್ತಿದೆ, ಗಾಲಿ ತಿರುಗುತ್ತಿದೆ, ಕಿಟಕಿಯಾಚೆಯ ಕಂಬ ಮಾತ್ರ ಕದಲುವುದಿಲ್ಲ. ಹುಬ್ಬಳ್ಳಿಯ ಕೆಸರಿನಲ್ಲೂ ಅಂಥದ್ದನ್ನು ನಾನು ನೋಡಿಲ್ಲ. ಬುನ್‌ಮಿ ಎಂಜಿನ್ ಆರಿಸಿ ಹಣೆ ಹಿಡಿದುಕೊಂಡ. ಊರಿನ ಕಡೆಯಿಂದ ನಾಲ್ಕಾರು ಜನ ಬರುತ್ತಿದ್ದರು, ಯಾರಿಗೂ ಅವಸರವಿಲ್ಲ. ಅವರ ಕೈಯಲ್ಲಿ ಒಂದು ಕುರ್ಚಿ, ಒಂದು ಛತ್ರಿ, ಒಂದು ಬಾಟಲಿ ನೀರು. ಒಬ್ಬರಿಗೆ ಆಗುವಷ್ಟು. ಸೈಕಲ್ಲಿನಲ್ಲಿ ಬಂದ ಬಾರಿ ಸಾಹೇಬರು ಏದುಸಿರು ಬಿಡುತ್ತ ನನಗೆ ತಿಳಿಸಿ ಹೇಳಿದರು. ಸೀಮೆಸುಣ್ಣದ ಗೂಡಿನ ಹತ್ತಿರ ಯಾರನ್ನು ಎಣಿಸಿರುತ್ತಾರೋ ಅವರು ಮಾತ್ರ ಈ ಗೆರೆ ದಾಟುತ್ತಾರೆ. ಎಣಿಕೆಗೆ ಬಿಟ್ಟುಹೋದವರು ಊರಿನಲ್ಲಿ ಉಳಿಯುತ್ತಾರೆ. ಮೊದಲು ಎಣಿಸಿದ್ದೇ ಎಣಿಕೆ, ಎರಡನೆಯ ಸಲ ಎಣಿಸಿದರೆ ಬಾರದು. ಡ್ರೈವರಿಗೆ ಈ ಲೆಕ್ಕವಿಲ್ಲ.

ನಾನು ಜಗಳ ತೆಗೆದೆ. ಇದೆಂಥ ಕಾನೂನು, ನಿಮ್ಮ ಮೇಲಧಿಕಾರಿ ಯಾರು, ಅಳಿಸಿ ಇನ್ನೊಮ್ಮೆ ಬರೆಯಿರಿ ಎಂದು ಕೂಗಿದೆ. ಪಾಪ, ಬುನ್‌ಮಿ ಇಳಿದುಹೋಗಿ ಅಂಗಿಯ ತೋಳಿನಿಂದ ಮೂವತ್ತೆಂಟನ್ನು ಅಳಿಸಿ ಮೂವತ್ತೊಂಬತ್ತು ಬರೆದ. ಬಸ್ಸು ಜಪ್ಪಯ್ಯ ಎನ್ನಲಿಲ್ಲ.

"ಕಂಡಕ್ಟರುಗಳು ತಮ್ಮನ್ನು ತಾವೇ ಬಿಟ್ಟುಬಿಡ್ತಾರಮ್ಮಾ," ಎಂದರು ಬಾರಿ ಸಾಹೇಬರು. "ನಮ್ಮ ಊರಲ್ಲಿ ಅಂಥವರು ಮೂವರಿದ್ದಾರೆ."

ಅದು ನನಗೆ ಒಪ್ಪಿಗೆಯಾಯಿತು. ಕಂಡಕ್ಟರ್ ಯಾವತ್ತು ತನ್ನನ್ನು ಎಣಿಸಿಕೊಂಡಿದ್ದಾಳೆ? ತಪ್ಪು ನನ್ನದು, ಉಳಿಯುವವಳೂ ನಾನೇ. ಗಂಭೀರವಾಗಿ ಬ್ಯಾಗು ತೆಗೆದುಕೊಂಡು, ಕಸ್ತೂರಿಗೆ ಯಾವ ಲಾಡ್ಜು, ಯಾರಿಗೆ ಫೋನು ಎಂದು ಹೇಳಿ, ಇಳಿದು ಕುರ್ಚಿಯ ಮೇಲೆ ಕೂತೆ. ಯಾರೋ ಛತ್ರಿ ಹಿಡಿದರು. ಬುನ್‌ಮಿ ಬಸ್ಸು ಚಾಲೂ ಮಾಡಿದ. ಗಾಲಿ ತಿರುಗಿತು, ಬಸ್ಸು ಅಲ್ಲೇ ಇತ್ತು.

ಆಗ ನೆನಪಾಯಿತು. ಈಗ ನೀನು ಕಂಡಕ್ಟರ್ ಅಲ್ಲ, ಪ್ಯಾಸೆಂಜರು ಎಂದು ಹೇಳಿಕೊಂಡು, ಒಂದು ಎಂದು ನನ್ನ ಎದೆ ಮುಟ್ಟಿಕೊಂಡೇ ಎಣಿಕೆ ಶುರುಮಾಡಿದ್ದೆ. ನನ್ನನ್ನು ನಾನು ಬಿಟ್ಟಿರಲಿಲ್ಲ. ಮತ್ತೆ ಹತ್ತಿ ಕೂತೆ.

ಒಬ್ಬೊಬ್ಬರಾಗಿ ಇಳಿದು ನೋಡುವುದೊಂದೇ ದಾರಿ ಎಂದಾಯಿತು. ಕೇಸರಿ ಬಟ್ಟೆಯ ಸನ್ಯಾಸಿ ಇಳಿದು ಹತ್ತಿದರು. ಕೋಳಿ ಬುಟ್ಟಿಯ ಹೆಂಗಸು ಇಳಿದಳು. ಮಗುವನ್ನು ಎತ್ತಿಕೊಂಡವಳು ಅಳುತ್ತ ಇಳಿದಳು, ಬಸ್ಸು ಕದಲದಿದ್ದಾಗ ನಗುತ್ತ ಹತ್ತಿದಳು. ಪ್ರತಿಸಲವೂ ಬುನ್‌ಮಿ ಕ್ಲಚ್ ಬಿಡುತ್ತಿದ್ದ, ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು. ಕಸ್ತೂರಿ ಎದ್ದು ಬುತ್ತಿ ಗಂಟನ್ನು ಎದೆಗವಚಿಕೊಂಡಳು. ನೀನು ಯಾಕೆ ಏಳುತ್ತೀ, ಸುಮ್ಮನೆ ಕೂರು ಎಂದು ಗದರಿದೆ.

"ಎಲ್ಲಾರೂ ಇಳದು ನೋಡಿದ್ರಲ್ಲಕ್ಕಾ. ನಾ ಒಬ್ಬಾಕಿ ಉಳದೇನಿ," ಎಂದಳು.

ಅವಳ ಕಾಲು ನೆಲಕ್ಕೆ ತಾಗಿದ್ದೇ ತಡ, ಬಸ್ಸು ಮುಂದಕ್ಕೆ ಹಾರಿತು. ಬುನ್‌ಮಿ ಬ್ರೇಕು ಒತ್ತಿದ. ಒಳಗಿದ್ದವರೆಲ್ಲ ಮುಗ್ಗರಿಸಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅವಳು ಬಗ್ಗಿರಲಿಲ್ಲ, ಮಲಗಿರಲಿಲ್ಲ, ಯಾರ ಹಿಂದೆಯೂ ಮರೆಯಾಗಿರಲಿಲ್ಲ. ನನ್ನ ಪಕ್ಕದಲ್ಲೇ, ನನ್ನ ಸೀರೆಗೆ ಅವಳ ಸೀರೆ ತಾಗುವಂತೆ ಕೂತಿದ್ದಳು. ನನ್ನ ಬೆರಳು ಅವಳ ತಲೆಯ ಮೇಲಿಂದಲೇ ಆಚೆ ಹೋಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ. ಗುರುತಿಲ್ಲದ ಮೂವತ್ತೇಳು ಜನರನ್ನು ಎಣಿಸಿ, ಒಡಹುಟ್ಟಿದವಳನ್ನು ಬಿಟ್ಟಿದ್ದೆ. ಇಳಿದು ಅವಳ ಹತ್ತಿರ ಬಂದು ಅಲ್ಲೇ ಸೇತುವೆಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಕಸ್ತೂರಿ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದಳು.

"ಅಳಬ್ಯಾಡ. ನನ್ನ ಎಣಿಸಿರ್ತಿ ಅಂತ ನಾ ಅನ್ಕೊಂಡಿದ್ದಿಲ್ಲ ಬಿಡು," ಎಂದಳು.

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮಾಧಾನ ಮಾಡಲಿಕ್ಕೆ ಅಂದಳು.

ನಾನೂ ಅವಳ ಜೊತೆ ಉಳಿಯುತ್ತೇನೆ ಎಂದೆ. ಅದೂ ಆಗುವ ಹಾಗಿರಲಿಲ್ಲ. ಎಣಿಸಿದವರು ಒಳಗಿಲ್ಲದಿದ್ದರೂ ಬಸ್ಸು ಕದಲದು. ಒಳಗೆ ಆ ಮಗು ಬಿಸಿಲಿಗೆ ಬಳಲಿ ಚೀರುತ್ತಿತ್ತು. ಕಸ್ತೂರಿಯೇ ನನ್ನನ್ನು ತಳ್ಳಿ ಹತ್ತಿಸಿದಳು. ಹಿಂದಿನ ಗಾಜಿನಲ್ಲಿ ನೋಡಿದರೆ ಅವಳು ಕುರ್ಚಿಯ ಮೇಲೆ ಕೂತಿರಲಿಲ್ಲ. ಅದನ್ನು ತಂದ ಮುದುಕಿಯನ್ನು ಕೂರಿಸಿ ತಾನು ನಿಂತಿದ್ದಳು.

ಮರುದಿನವೇ ಆ ದಡದಿಂದ ಈ ದಡಕ್ಕೆ ಬರುವ ಬಸ್ಸು ಹತ್ತಿದೆ. ಅದರ ಮರುದಿನ ಈ ದಡದಿಂದ ಆ ದಡಕ್ಕೆ. ಹೀಗೆ ದಿನವೂ. ಆ ದಡದಲ್ಲೂ ಒಂದು ಸೀಮೆಸುಣ್ಣದ ಗೂಡು, ಮೊದಲ ಸೇತುವೆಯ ಮೇಲೂ ಒಂದು ಹಳದಿ ಗೆರೆ ಇತ್ತು. ಉಳಿದವರಿಗಾಗಿ ಓಡಾಡುವವರಿಗೆಂದೇ ಎರಡೂ ಕಚೇರಿಗಳಲ್ಲಿ ಬೇರೆ ಚೀಟಿ ಇತ್ತು, ಠಸ್ಸೆಯನ್ನು ಅದರ ಮೇಲೆ ಒತ್ತುತ್ತಿದ್ದರು. ಊಟದ ಒಂದು ತಾಸು ಕಸ್ತೂರಿಯ ಜೊತೆ ಕೂರಲು ಸಿಗುತ್ತಿತ್ತು. ಬಿಡಿಸುವ ದಾರಿ ಒಂದೇ ಎಂದು ಬಾರಿ ಸಾಹೇಬರು ಹೇಳಿದ್ದರು. ಊರಿಗೆ ಬರುವ ಬಸ್ಸಿನಲ್ಲಿ ಯಾರಾದರೂ ಎಣಿಸುವಾಗ, ಬಸ್ಸಿನಲ್ಲಿಲ್ಲದ ಅವಳನ್ನೂ ಸೇರಿಸಿ ಎಣಿಸಬೇಕು. ಬೇಕೆಂದು ಸೇರಿಸಿದರೆ ನಡೆಯದು, ಅರಿವಿಲ್ಲದೆ ಸೇರಿಹೋಗಬೇಕು. ಗಂಡ ಸತ್ತ ಹೊಸತರಲ್ಲಿ ಹೆಂಗಸರು ಹಾಗೆ ಒಂದು ತಲೆ ಹೆಚ್ಚು ಎಣಿಸುತ್ತಾರಂತೆ. ಸತ್ತವರು ಬಂದು ಹತ್ತಲಾರರಲ್ಲ, ಅವರ ಜಾಗಕ್ಕೆ ಊರಿನ ಸಾಲಿನಲ್ಲಿ ಮೊದಲಿದ್ದವರು ಹೋಗುತ್ತಾರೆ. ಆ ಊರಿನಿಂದ ಬಿಡುಗಡೆಯಾದವರೆಲ್ಲ ಹೆಚ್ಚಾಗಿ ಹೀಗೆ ಯಾರದೋ ದುಃಖದಿಂದ ಬಿಡುಗಡೆಯಾದವರು. ನಿಮ್ಮನ್ನು ಬಿಟ್ಟದ್ದು ಯಾರು ಎಂದು ಕೇಳಿದೆ. ಅವರ ಸ್ವಂತ ತಮ್ಮ. ಎರಡು ವರ್ಷ ಬರುತ್ತಿದ್ದ, ಆಮೇಲೆ ಅವನಿಗೆ ಮದುವೆಯಾಯಿತು ಎಂದು ಹೇಳಿ ಲೋಟ ತೊಳೆಯಲು ಎದ್ದರು.

ನಾನು ಮಾಡದ ಉಪಾಯವಿಲ್ಲ. ಎರಡನೇ ದಿನ ಒಂದು ಹೆಚ್ಚು ಹೇಳಿದೆ. ಬಸ್ಸು ಗೆರೆಯನ್ನು ಸರ್ರನೆ ದಾಟಿಹೋಯಿತು. ಪಕ್ಕದ ಸೀಟಿನ ಮೇಲೆ ಅವಳ ಸೀರೆ ಮಡಚಿಟ್ಟು ಎಣಿಸಿದೆ, ಕಣ್ಣು ಮುಚ್ಚಿ ಅವಳ ಹೆಸರು ಹೇಳಿ ಎಣಿಸಿದೆ. ಎಲ್ಲ ನಾಟಕ. ಮೂವತ್ತೊಂದು ವರ್ಷ ಪಳಗಿದ ಕಣ್ಣು ಖಾಲಿ ಸೀಟನ್ನು ಖಾಲಿ ಎಂದೇ ನೋಡುತ್ತಿತ್ತು. ಬುನ್‌ಮಿ ತನ್ನ ಬಸ್ಸಿನಲ್ಲಿ ಎಣಿಕೆಯನ್ನು ನನಗೇ ಬಿಡುತ್ತಿದ್ದ. ಬೇರೆ ಬಸ್ಸಿನ ಡ್ರೈವರುಗಳಿಗೂ ನನ್ನ ವಿಷಯ ಹೇಳಿಟ್ಟಿದ್ದ. ನಾನು ಸರಿಯಾಗಿ ಎಣಿಸಿದಾಗಲೆಲ್ಲ ಅವನ ಮುಖ ಬಾಡುತ್ತಿತ್ತು. ಒಂದು ತಪ್ಪಿಗಾಗಿ ಅಷ್ಟು ಜನ ಹರಕೆ ಹೊತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಸ್ತೂರಿ ಊರಿಗೆ ಹೊಂದಿಕೊಂಡುಬಿಟ್ಟಿದ್ದಳು. ಕುರ್ಚಿ ತಂದಿದ್ದ ಆ ಮುದುಕಿಯ ಮನೆಯಲ್ಲಿ ಅವಳ ವಾಸ. ಆಕೆಯನ್ನು ಹದಿನಾಲ್ಕು ಮಂದಿಯ ಸ್ವಂತ ಸಂಸಾರವೇ ಎಣಿಸದೆ ಬಿಟ್ಟುಹೋಗಿತ್ತು. ಬಾಗಿಲಿನ ಪಾಟಿಯಲ್ಲಿ ಇಬ್ಬರ ಹೆಸರು, ಕಸ್ತೂರಿಯದು ಕನ್ನಡದಲ್ಲಿ. ಸಂಜೆ ಆ ಓಣಿಯವರೆಲ್ಲ ಹೊರಗೆ ಬಂದು ಒಬ್ಬರನ್ನೊಬ್ಬರು ಮುಟ್ಟಿ ಎಣಿಸಿಕೊಂಡು ಒಳಗೆ ಹೋಗುತ್ತಾರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಹೊಸ ಕಳೆ ಇರುತ್ತಿತ್ತು. ಒಂದು ದಿನ ಅವಳು ತಟ್ಟೆಯಲ್ಲಿ ಬದನೆಕಾಯಿಯನ್ನು ಬದಿಗೆ ಸರಿಸಿದ್ದು ಕಂಡಿತು. ಯಾಕೆ ಎಂದೆ. ಸೇರುವುದಿಲ್ಲವಂತೆ. ಸಣ್ಣಂದಿನಿಂದಲೂ ಸೇರುವುದಿಲ್ಲವಂತೆ! ನನಗೆ ಇಷ್ಟ ಎಂದು ಮೂವತ್ತು ವರ್ಷ ಎಣ್ಣೆಗಾಯಿ ಮಾಡಿದವಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಂದೇ ಸೂರಿನಡಿ ಇದ್ದೆವು, ನಾನು ಅವಳನ್ನು ನೋಡಿಯೇ ಇರಲಿಲ್ಲ.

ಅಲ್ಲಿಂದ ನನಗೆ ಅವಳದೇ ಧ್ಯಾನವಾಯಿತು. ಬಸ್ಸಿನಲ್ಲಿ ಎಮ್ಮೆ ಕಂಡರೆ, ಇದನ್ನು ಕಸ್ತೂರಿಗೆ ತೋರಿಸಬೇಕು ಎನಿಸುವುದು. ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅನ್ನ ಮಾರಲು ಬಂದರೆ ಕೈ ತಾನಾಗಿ ಎರಡು ತೆಗೆದುಕೊಳ್ಳುವುದು. ಕಿಟಕಿಯ ಖಾಲಿ ಸೀಟಿಗೆ ಬಿಸಿಲು ಬಿದ್ದರೆ ಪರದೆ ಎಳೆಯುತ್ತಿದ್ದೆ.

ಹತ್ತೊಂಬತ್ತನೆಯ ದಿನ, ಬುನ್‌ಮಿಯ ಬಸ್ಸು. ಮೂವತ್ಮೂರು ಎಂದು ಹೇಳಿದೆ, ಮುದುಕ ಬರೆದ. ಊರಿನಲ್ಲಿ ಊಟವಾಯಿತು. ಕಸ್ತೂರಿ ದಿನದ ಹಾಗೆ ಸೇತುವೆಯ ತನಕ ನಡೆದು ಬಂದು ನಿಂತಳು. ಹಳದಿ ಗೆರೆಯ ಹತ್ತಿರ ಬಸ್ಸು ನಿಂತಿತು.

ಬುನ್‌ಮಿ ಎದ್ದು ಎರಡು ಸಲ ಹೆಗಲು ಮುಟ್ಟಿ ಎಣಿಸಿದ. ಒಳಗಿದ್ದವರು ಮೂವತ್ಮೂರು. ಬಾಗಿಲಿನ ಮೇಲೂ ಮೂವತ್ಮೂರು. ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಬಸ್ಸು ನಿಂತಿದೆ! ಆ ಊರಿನ ಹಿರಿಯರೂ ಅಂಥದ್ದನ್ನು ನೋಡಿರಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಇಳಿದು ಹತ್ತಿದರು, ನಾನೂ ಇಳಿದು ಹತ್ತಿದೆ, ಏನೂ ಆಗಲಿಲ್ಲ. ಕೊನೆಗೆ ಬಾರಿ ಸಾಹೇಬರು ಒಳಗೆ ಬಂದು, ಬೆಳಿಗ್ಗೆ ಹೇಗೆ ಎಣಿಸಿದಿರೋ ಹಾಗೇ ಬೆರಳಿಟ್ಟು ತೋರಿಸಿ ಎಂದರು. ಮುಂದಿನ ಸೀಟಿನಿಂದ ಶುರುಮಾಡಿದೆ. ಹದಿನಾರಕ್ಕೆ ನನ್ನ ಮುಂದಿನ ಸಾಲು ಮುಗಿಯಿತು. ಹದಿನೇಳು ಎಂದು ಬೆರಳು ಕಿಟಕಿಯ ಕಡೆ ಹೋಯಿತು. ಅಲ್ಲಿ ಖಾಲಿ ಸೀಟು, ಅದರ ಮೇಲೆ ಅನ್ನದ ಕೊಳವೆ. ಹದಿನೆಂಟು ಎಂದು ಹಿಂದಿನ ಸಾಲಿಗೆ ಹೋದೆ.

"ನೀವು ಎಷ್ಟನೆಯವರಮ್ಮಾ?" ಎಂದು ಕೇಳಿದರು ಬಾರಿ ಸಾಹೇಬರು.

ಹೊಳೆ ದಾಟಿ, ಒಬ್ಬೊಬ್ಬನೂ ತನ್ನನ್ನು ಬಿಟ್ಟು ಉಳಿದವರನ್ನು ಎಣಿಸಿ ಅತ್ತ ದಡ್ಡರ ಕಥೆಯನ್ನು ನಮ್ಮವ್ವ ಹೇಳುತ್ತಿದ್ದಳು. ಆ ದಡ್ಡಿ ನಾನಾಗಿದ್ದೆ. ಕಸ್ತೂರಿಯನ್ನು ಎಣಿಸಿದ್ದೆ, ನನ್ನನ್ನು ಬಿಟ್ಟಿದ್ದೆ.

ನಾನು ಇಳಿದೆ, ಕಸ್ತೂರಿ ಹತ್ತಿದಳು. ಹತ್ತುವುದಿಲ್ಲ ಎಂದು ಹಟ ಹಿಡಿದವಳನ್ನು, ಅವತ್ತು ಅವಳು ನನ್ನನ್ನು ತಳ್ಳಿದ ಹಾಗೆಯೇ ತಳ್ಳಿದೆ. ಬಸ್ಸು ಮುಂದೆ ಹೋಯಿತು. ಕಿಟಕಿಯಲ್ಲಿ ಅವಳ ಮುಖ ಹೆದರಿ ಬಿಳಿಚಿತ್ತು. ಜನ್ಮದಲ್ಲಿ ಒಬ್ಬಳೇ ಹುಬ್ಬಳ್ಳಿಗೂ ಹೋದವಳಲ್ಲ. ಲಾಡ್ಜಿನ ಹೆಸರು ಕೂಗುತ್ತ ಗೆರೆಯ ತನಕ ಓಡಿದೆ. ಅಲ್ಲಿಂದ ಮುಂದೆ ಓಡುತ್ತಲೇ ಇದ್ದೆ, ಪಕ್ಕದ ಕಂಬ ಮಾತ್ರ ಪಕ್ಕದಲ್ಲೇ ಇತ್ತು. ಯಾರೋ ಬಂದು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟರು.

ಪಾಟಿಯ ಮೇಲೆ ಅವಳ ಹೆಸರು ಅಳಿಸಿ ನನ್ನ ಹೆಸರು ಬರೆದೆ. ಸಂಜೆ ಓಣಿಯವರು ಬಂದು ಭುಜ ಮುಟ್ಟಿ ಎಣಿಸಿದರು. ನಾನು ಲೆಕ್ಕ ಹಾಕಿದೆ. ನನಗೇ ಹತ್ತೊಂಬತ್ತು ದಿನ ಬೇಕಾಯಿತು. ಅವಳು ದಾರಿ ತಿಳಿಯದವಳು, ಭಾಷೆ ತಿಳಿಯದವಳು, ಬಸ್ಸಿನ ಬೋರ್ಡು ಓದಲೂ ನನ್ನನ್ನು ಕೇಳುವವಳು. ಬಂದರೆ ಪುಣ್ಯ. ವರ್ಷವಾದರೂ ಆದೀತು ಎಂದುಕೊಂಡು, ಬಾರಿ ಸಾಹೇಬರ ಅಂಗಡಿಯಲ್ಲಿ ಕೆಲಸ ಕೇಳಿದೆ.

ಮರುದಿನ ಹನ್ನೊಂದಕ್ಕೆ ಲೋಟ ತೊಳೆಯುತ್ತಿದ್ದಾಗ ಆ ದಡದ ಬಸ್ಸು ಬಂತು. ಮೊದಲು ಇಳಿದವಳು ಕಸ್ತೂರಿ. ಲಾಡ್ಜಿನಲ್ಲಿ ಬೆಳಿಗ್ಗೆ ಎದ್ದು, ಬುನ್‌ಮಿಯ ಅಂಗಿ ಹಿಡಿದು ಎಳೆದು ಸರಿಯಾದ ಬಸ್ಸು ಕೇಳಿಕೊಂಡು ಬಂದಿದ್ದಳು. ಒಟ್ಟಿಗೆ ಕೂತು ಉಂಡೆವು. ಎಣಿಸಿದ್ದು ಯಾರು ಎಂದೆ. ಡ್ರೈವರ್ ನನಗೇ ಎಣಿಸು ಎಂದ, ಮೂವತ್ತಾರು ಬಂತು ಎಂದಳು. ಮೊದಲ ದಿನ, ಪಾಪ, ಎಂದುಕೊಂಡು ಸೇತುವೆಯ ತನಕ ಕಳಿಸಲು ಹೋದೆ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು.

ಗೆರೆಯ ಹತ್ತಿರ ಬಸ್ಸು ನಿಂತಿತು. ಊರಿನವರು ಕುರ್ಚಿ, ಛತ್ರಿ, ನೀರು ಹಿಡಿದುಕೊಂಡು ಬಂದರು. ಯಾರು ಇಳಿಯಬೇಕಾಗಿದೆಯೋ ಎಂದು ನಾನು ಬಗ್ಗಿ ನೋಡುತ್ತಿದ್ದೆ. ಒಳಗೆ ಹೆಗಲು ಮುಟ್ಟಿ ಎಣಿಸುತ್ತಿದ್ದ ಡ್ರೈವರ್ ಬಾಗಿಲಿಗೆ ಬಂದ. ಬಾಗಿಲಿನ ಮೇಲೆ ಬರೆದದ್ದು ಮೂವತ್ತಾರು. ಒಳಗಿದ್ದವರು ಮೂವತ್ತೈದು. ಅವನು ನನ್ನ ಕಡೆ ಬೆರಳು ತೋರಿಸಿದ.

ಹೇಗೆ ಹತ್ತಿದೆನೋ ಗೊತ್ತಿಲ್ಲ. ಕಸ್ತೂರಿಯ ಪಕ್ಕದ ಸೀಟು ಖಾಲಿ ಇತ್ತು, ಅದರ ಮೇಲೆ ಒಂದು ತಾಟು, ತಾಟಿನಲ್ಲಿ ಎರಡು ರೊಟ್ಟಿ. ಆ ಬುತ್ತಿಯಲ್ಲಿ ಇನ್ನೂ ರೊಟ್ಟಿ ಉಳಿದಿತ್ತೆಂದೇ ನನಗೆ ಗೊತ್ತಿರಲಿಲ್ಲ. ಹೇಗೆ ಎಣಿಸಿದೆ, ಏನು ಮಾಡಿದೆ, ಹೇಳು ಎಂದು ಅವಳ ಭುಜ ಹಿಡಿದು ಅಲುಗಾಡಿಸಿದೆ. ಏನು ಕೇಳುತ್ತಿದ್ದೇನೆ ಎಂದೇ ಅವಳಿಗೆ ತಿಳಿಯಲಿಲ್ಲ.

"ಹೆಂಗ ಅಂದ್ರ? ಇದ್ದವರನ್ನ ಎಣಿಸಿದೆ," ಎಂದಳು. "ನಿಂತಿ ಯಾಕ? ಕುಂದ್ರು."

ನನಗೆ ಹತ್ತೊಂಬತ್ತು ದಿನ ಹಿಡಿದದ್ದು ಅವಳಿಗೆ ಒಂದು ಬೆಳಗೂ ಹಿಡಿಯಲಿಲ್ಲ. ನಾನು ತಾಟನ್ನು ಮಡಿಲಿಗೆ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಬಸ್ಸು ಹೊರಟಿತು.